ಮಣಿಯ ಪುಸ್ತಕಪಟ್ಟಿ: ಕೈಗೆಲಸವೂ ಕೂಲಿಯ ಲೆಕ್ಕವೂ

ಕೊಳೆ ಔಷಧಿಯ ಎರಡನೆಯ ಸಿಂಪಡಣೆ ಮುಗಿದ ಮೇಲೆ ಕೊನೆ ಕೊಯ್ಲು ಶುರುವಾಗುವ ತನಕ ನಮ್ಮ ಮನೆಗಳಲ್ಲಿ ಕೊಂಚ ಬಿಡುವು ಸಿಗುತ್ತದೆ. ಆ ದಿನಗಳಲ್ಲಿ ಬಾಗಿಲಿಗೆ ಮಣಿ ತೋರಣ ಹೆಣೆಯುವುದು ನಮ್ಮ ಹೆಣ್ಣುಮಕ್ಕಳಿಗೆ ಹೊಸದಲ್ಲ. ಅದೇ ಸೂಜಿ, ಅದೇ ಮಣಿಯಿಂದ ಪುಸ್ತಕದಲ್ಲಿ ಓದಿ ನಿಲ್ಲಿಸಿದ ಪುಟಕ್ಕೆ ಗುರುತಿಡುವ ಪಟ್ಟಿಯನ್ನೂ ಮಾಡಬಹುದು. ಮಗ್ಗ ಬೇಡ. ಮಾರುವ ಉದ್ದೇಶವಿದ್ದವರು ಹೆಣಿಗೆಯ ಜೊತೆಗೆ ಲೆಕ್ಕವನ್ನೂ ತಿಳಿದಿರುವುದು ಒಳ್ಳೆಯದು.

ಸಾಮಗ್ರಿ

11ನೇ ನಂಬರಿನ ಗಾಜಿನ ಮಣಿ ಈ ಕೆಲಸಕ್ಕೆ ತಕ್ಕದ್ದು. ಮಣಿಯಲ್ಲಿ ನಂಬರು ಹೆಚ್ಚಿದಷ್ಟೂ ಗಾತ್ರ ಸಣ್ಣದು. ಇದರ ದಪ್ಪ ಸುಮಾರು 2 ಮಿ.ಮೀ.; ಗ್ರಾಮಿಗೆ 110ರ ಆಸುಪಾಸು ಬರುತ್ತವೆ. ಅಡಿಕೆ ವಿಂಗಡಿಸಿದಂತೆ ತೀರ ದಪ್ಪ, ತೀರ ತೆಳುವಾದ ಮಣಿಗಳನ್ನು ಮೊದಲೇ ಆರಿಸಿ ತೆಗೆಯಿರಿ. ಇಲ್ಲದಿದ್ದರೆ ಪಟ್ಟಿ ಸೊಟ್ಟಗಾಗುತ್ತದೆ. ನಾಲ್ಕಾರು ಮಣಿಗಳನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಉಜ್ಜಿ ನೋಡಿ. ಬಣ್ಣ ಬಿಟ್ಟರೆ ಅದು ಪುಸ್ತಕದ ಹಾಳೆಗೂ ಹತ್ತುತ್ತದೆ. 10 ಅಥವಾ 12ನೇ ನಂಬರಿನ ಮಣಿ ಸೂಜಿ, ನೈಲಾನ್ ದಾರ ಇರಲಿ. ಹತ್ತಿಯ ದಾರ ನಮ್ಮ ಮಳೆಗಾಲದ ತೇವಕ್ಕೆ ಬೂಸಲು ಹಿಡಿದು ಲಡ್ಡಾಗುತ್ತದೆ.

ಹೆಣೆಯುವ ಕ್ರಮ

ಈ ಹೆಣಿಗೆಗೆ ಪೆಯೋಟಿ ಎಂದು ಹೆಸರು. ಉತ್ತರ ಅಮೆರಿಕದ ಮೂಲನಿವಾಸಿಗಳು ತಮ್ಮ ಪೂಜಾ ಸಾಮಗ್ರಿಗಳನ್ನು ಇದರಿಂದ ಅಲಂಕರಿಸುತ್ತಿದ್ದುದರಿಂದ ಆ ಹೆಸರು ಬಂತು. ಮಣಿಗಳು ಗೋಡೆಯ ಇಟ್ಟಿಗೆಗಳಂತೆ ಒಂದರ ಸಂದಿಗೆ ಒಂದು ಕೂರುತ್ತವೆ.

ದಾರದ ತುದಿಯಲ್ಲಿ ಒಂದು ಗೇಣು ಬಿಟ್ಟು, ಒಂದು ಮಣಿಗೆ ದಾರ ಸುತ್ತಿ ತಡೆ ಮಾಡಿಕೊಳ್ಳಿ. ನಂತರ 12 ಮಣಿ ಪೋಣಿಸಿ. 13ನೆಯದನ್ನು ಸೂಜಿಗೆ ತೆಗೆದುಕೊಂಡು, 12ನೆಯದನ್ನು ಬಿಟ್ಟು, 11ನೆಯದರೊಳಗೆ ಹಿಂದಕ್ಕೆ ದಾಟಿಸಿ. ಹೀಗೆಯೇ ಒಂದು ಹೊಸದು ಸೇರಿಸಿ, ಒಂದನ್ನು ಬಿಟ್ಟು, ಮುಂದಿನದರೊಳಗೆ ದಾಟುತ್ತ ಹೋಗಿ. 6 ಮಣಿ ಸೇರಿದಾಗ ಸಾಲು ಮುಗಿಯಿತು. ಪಟ್ಟಿಯನ್ನು ತಿರುಗಿಸಿ, ಇನ್ನು ಮುಂದೆ ಎದ್ದು ನಿಂತ ಮಣಿಗಳೊಳಗೆ ಮಾತ್ರ ಸೂಜಿ ದಾಟಿಸಿ. ಹೊಸ ಮಣಿ ತಾನಾಗಿ ತಗ್ಗಿನಲ್ಲಿ ಕೂರುತ್ತದೆ. ಮೊದಲ ಮೂರು ಸಾಲು ತಿರುಚಿಕೊಳ್ಳುವುದು ಸಹಜ, ಬೆರಳಿನಲ್ಲಿ ಒತ್ತಿ ಹಿಡಿಯಿರಿ. ಕೊನೆಯಲ್ಲಿ ತಡೆಮಣಿ ತೆಗೆದು, ಎರಡೂ ದಾರದ ತುದಿಗಳನ್ನು ಹೆಣೆದ ಮಣಿಗಳೊಳಗೇ ಓರೆಕೋರೆಯಾಗಿ ಓಡಿಸಿ ಕತ್ತರಿಸಿ.

ಈ ಹೆಣಿಗೆಯಲ್ಲಿ ಓರೆ ಗೆರೆಗಳು ಚೆನ್ನಾಗಿ ಮೂಡುತ್ತವೆ. ಸಾಗರ, ಸೊರಬದ ಕಡೆಯ ದೀವರ ಹಸೆ ಚಿತ್ತಾರದ ಓರೆ ಗೆರೆಗಳನ್ನು ಇದರಲ್ಲಿ ತರಲು ಕಷ್ಟವಿಲ್ಲ.

ಲೆಕ್ಕ

12 ಮಣಿ ಅಗಲ, 15 ಸೆಂ.ಮೀ. ಉದ್ದದ ಪಟ್ಟಿಗೆ ಸುಮಾರು 840 ಮಣಿ, ಅಂದರೆ 8 ಗ್ರಾಂ ಬೇಕು. ಮಣಿಯ ಖರ್ಚು ಅಲ್ಪ. ಆದರೆ ನಿಮಿಷಕ್ಕೆ 4 ಮಣಿ ಎಂದು ಹಿಡಿದರೂ ಮೂರೂವರೆ ಗಂಟೆಯ ದುಡಿಮೆ! ಇಷ್ಟಾಗಿ 2 ಮಿ.ಮೀ. ದಪ್ಪದ ಗಾಜು ಹಾಳೆಗಳ ನಡುವೆ ಇದ್ದರೆ ಹಾಳೆಯ ಮೇಲೆ ಅಚ್ಚೊತ್ತುತ್ತದೆ, ಪುಸ್ತಕದ ಬೆನ್ನಿಗೂ ಭಾರ.

ಆದ್ದರಿಂದ ಪುಟಗಳ ನಡುವೆ ರಿಬ್ಬನ್ ಇರಲಿ, ಹೊರಗೆ ತೂಗುವ ತುದಿಗೆ ಮಾತ್ರ 4 ಸೆಂ.ಮೀ. ಮಣಿಪಟ್ಟಿ ಹೊಲಿಯಿರಿ. ಸುಮಾರು 240 ಮಣಿ, ಒಂದು ಗಂಟೆಯ ಕೆಲಸ. ಪುಸ್ತಕಕ್ಕೂ ಹಿತ, ಕೈಗೂ ಹಗುರ.

ಬೆಲೆ ಕಟ್ಟುವಾಗ ತೋಟದ ದಿನಗೂಲಿಯನ್ನು 8ರಿಂದ ಭಾಗಿಸಿ ಗಂಟೆಯ ಕೂಲಿ ತೆಗೆಯಿರಿ. ಅದಕ್ಕೆ ಮಣಿ, ದಾರ, ರಿಬ್ಬನ್ನಿನ ಖರ್ಚು ಕೂಡಿಸಿ. ಅದಕ್ಕಿಂತ ಕಡಿಮೆಗೆ ಯಾರು ಕೇಳಿದರೂ ಕೊಡಬೇಡಿ. ಮನೆಯವರ ದುಡಿಮೆಯನ್ನು ಖರ್ಚಿನಲ್ಲಿ ಬರೆಯದೆ ಅಡಿಕೆಯಲ್ಲಿ ಲಾಭವಾಯಿತೆಂದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. ಮಣಿಯ ಕೆಲಸದಲ್ಲೂ ಅದು ಮುಂದುವರಿಯುವುದು ಬೇಡ. ಬಿಡುವಿನ ಕೆಲಸವೆಂದ ಮಾತ್ರಕ್ಕೆ ಪುಕ್ಕಟೆ ಕೆಲಸವಲ್ಲ. ಬಂದ ಹಣ ಮನೆಯ ಯಜಮಾನರ ಖಾತೆಗೆ ಹೋಗದೆ, ಹೆಣೆದವರ ಹೆಸರಿನ ಉಳಿತಾಯ ಖಾತೆಗೇ ಜಮೆಯಾಗಲಿ ಎಂದು ಸದಸ್ಯ ಬಾಂಧವರಲ್ಲಿ ವಿನಂತಿ.