ನಕಲು ಮಾಡಲಾಗದ ಯೋಜನೆ: ಸುಸ್ಥಿರ ಅಭಿವೃದ್ಧಿ ಗುರಿಗಳು, ಗ್ರಾಮ ಪಂಚಾಯಿತಿ ಮತ್ತು ನಮ್ಮ ತರಗತಿ

ಬೋಧನಾಭ್ಯಾಸದ ಮೊದಲ ಹಂತದಲ್ಲಿ ನನಗೆ ಶ್ರೀರಂಗಪಟ್ಟಣ ತಾಲ್ಲೂಕಿನ ಒಂದು ಪ್ರೌಢಶಾಲೆ ಸಿಕ್ಕಿತ್ತು. 8ನೇ ತರಗತಿಗೆ ‘ಬೆಳೆ ಉತ್ಪಾದನೆ ಮತ್ತು ನಿರ್ವಹಣೆ’ ಘಟಕ. ನೀರಾವರಿಯ ಭಾಗಕ್ಕೆ ಶಾಲೆಯ ಹಿಂದೆ ಹರಿಯುವ ನಾಲೆಯನ್ನೇ ಉದಾಹರಣೆಯಾಗಿ ತೆಗೆದುಕೊಂಡೆ. ಹೊಲಕ್ಕೆ ನೀರು ಹೆಚ್ಚಾದರೆ ಜೌಗಾಗುವುದು, ಬೇರಿಗೆ ಗಾಳಿಯಾಡದಿರುವುದು ಎಲ್ಲವನ್ನೂ ಮಕ್ಕಳು ತಮ್ಮ ಮನೆಯ ಗದ್ದೆಯ ಅನುಭವದಿಂದಲೇ ಹೇಳಿದರು. ಪಾಠ ಚೆನ್ನಾಗಿ ಆಯಿತು.

ಎರಡನೇ ಹಂತದಲ್ಲಿ ನಾಗಮಂಗಲ ತಾಲ್ಲೂಕಿನ ಶಾಲೆ. ಅದೇ ಪಾಠ ಯೋಜನೆಯಲ್ಲಿ ದಿನಾಂಕ ಮತ್ತು ಶಾಲೆಯ ಹೆಸರನ್ನಷ್ಟೇ ಬದಲಿಸಿಕೊಂಡು ಹೋದೆ. ಹತ್ತು ನಿಮಿಷ ಕಳೆದಿರಲಿಲ್ಲ, ಒಬ್ಬ ಹುಡುಗಿ ಎದ್ದು ನಿಂತಳು: “ಮಿಸ್, ನಮ್ಮೂರಿಗೆ ನಾಲೆನೇ ಬರಲ್ಲ. ನಮ್ಮದು ಬೋರ್‌ವೆಲ್ಲು. ಅದೂ ಬೇಸಿಗೇಲಿ ನಿಂತೋಗುತ್ತೆ.” ಉಳಿದ ಮಕ್ಕಳು ನಕ್ಕರು. ನನಗೆ ಏನು ಹೇಳಬೇಕೆಂದು ತೋಚಲಿಲ್ಲ.

ಅಂದು ಸಂಜೆ ಮಾರ್ಗದರ್ಶಕ ಶಿಕ್ಷಕರು ಬೈಯಲಿಲ್ಲ. “ನಾಳೆ ಪಂಚಾಯಿತಿ ಕಚೇರಿಗೆ ಹೋಗಿ ಈ ಊರಿನ ಯೋಜನೆ ನೋಡಿಕೊಂಡು ಬಾಮ್ಮ” ಎಂದರು. ಹಾಗೆ ಹೋಗಿ ನೋಡಿದ್ದು, ಓದಿ ತಿಳಿದದ್ದು, ಆಮೇಲೆ ತರಗತಿಯಲ್ಲಿ ಮಾಡಿದ್ದು ಈ ಲೇಖನದ ವಿಷಯ.

ಹದಿನೇಳು ಗುರಿ, ಒಂಬತ್ತು ವಿಷಯ

ವಿಶ್ವಸಂಸ್ಥೆಯ ಸದಸ್ಯ ರಾಷ್ಟ್ರಗಳು 2015ರ ಸೆಪ್ಟೆಂಬರ್‌ನಲ್ಲಿ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಒಪ್ಪಿಕೊಂಡವು. ಅವುಗಳನ್ನು ಮುಟ್ಟಲು ಇಟ್ಟುಕೊಂಡ ವರ್ಷ 2030. ನಾವು ಇವನ್ನು ಪರೀಕ್ಷೆಗಾಗಿ ಪಟ್ಟಿ ಮಾಡಿ ಬಾಯಿಪಾಠ ಮಾಡುತ್ತೇವೆ. ಆದರೆ ಊರಿನ ಮಟ್ಟದಲ್ಲಿ 17 ಗುರಿಗಳನ್ನು ಬೇರೆ ಬೇರೆಯಾಗಿ ಹಿಡಿಯುವುದು ಕಷ್ಟ. ಆದ್ದರಿಂದ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯವು ಅವನ್ನು ಒಂಬತ್ತು ವಿಷಯಗಳಾಗಿ ಜೋಡಿಸಿದೆ: ಬಡತನಮುಕ್ತ ಹಾಗೂ ಉತ್ತಮ ಜೀವನೋಪಾಯದ ಗ್ರಾಮ, ಆರೋಗ್ಯಕರ ಗ್ರಾಮ, ಮಕ್ಕಳ ಸ್ನೇಹಿ ಗ್ರಾಮ, ನೀರಿನ ಕೊರತೆಯಿಲ್ಲದ ಗ್ರಾಮ, ಸ್ವಚ್ಛ ಮತ್ತು ಹಸಿರು ಗ್ರಾಮ, ಸ್ವಾವಲಂಬಿ ಮೂಲಸೌಕರ್ಯದ ಗ್ರಾಮ, ಸಾಮಾಜಿಕ ನ್ಯಾಯ ಮತ್ತು ಭದ್ರತೆಯ ಗ್ರಾಮ, ಉತ್ತಮ ಆಡಳಿತದ ಗ್ರಾಮ, ಮಹಿಳಾ ಸ್ನೇಹಿ ಗ್ರಾಮ. ಪಂಚಾಯಿತಿಯು ಇವುಗಳಲ್ಲಿ ತನಗೆ ತುರ್ತಾದದ್ದನ್ನು ಗ್ರಾಮ ಸಭೆಯಲ್ಲಿ ಸಂಕಲ್ಪವಾಗಿ ತೆಗೆದುಕೊಂಡು ಹೆಚ್ಚು ಒತ್ತು ಕೊಡಬಹುದು.

ಯೋಜನೆ ಮಾಡುವ ಅಧಿಕಾರ ಪಂಚಾಯಿತಿಗೆ ಎಲ್ಲಿಂದ ಬಂತು? ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಅದರ 243-ಜಿ ವಿಧಿಯು ಆರ್ಥಿಕ ಅಭಿವೃದ್ಧಿ ಮತ್ತು ಸಾಮಾಜಿಕ ನ್ಯಾಯಕ್ಕಾಗಿ ಯೋಜನೆ ತಯಾರಿಸುವ ಹೊಣೆಯನ್ನು ಪಂಚಾಯಿತಿಗಳಿಗೆ ವಹಿಸಲು ಅವಕಾಶ ಕೊಡುತ್ತದೆ. ಹನ್ನೊಂದನೇ ಅನುಸೂಚಿಯಲ್ಲಿರುವ 29 ವಿಷಯಗಳಲ್ಲಿ ಕೃಷಿ, ಸಣ್ಣ ನೀರಾವರಿ, ಕುಡಿಯುವ ನೀರು, ಪ್ರಾಥಮಿಕ ಹಾಗೂ ಪ್ರೌಢ ಶಿಕ್ಷಣವೂ ಇವೆ. ಅಂದರೆ ನಮ್ಮ ಶಾಲೆಯೂ ಆ ಯೋಜನೆಯ ವ್ಯಾಪ್ತಿಯೊಳಗೇ ಇದೆ.

ಯೋಜನೆ ತಯಾರಾಗುವ ದಾರಿ

ದಾರಿ ಕೆಳಗಿನಿಂದ ಮೇಲಕ್ಕೆ. ಮೊದಲು ವಾರ್ಡ್ ಸಭೆಯಲ್ಲಿ ಜನರು ಬೇಡಿಕೆ ಹೇಳುತ್ತಾರೆ. ಅವೆಲ್ಲ ಗ್ರಾಮ ಸಭೆಗೆ ಬರುತ್ತವೆ. ಅಲ್ಲಿ ಆದ್ಯತೆ ನಿರ್ಧಾರವಾಗಿ, ಲಭ್ಯವಿರುವ ಹಣದೊಂದಿಗೆ ಹೊಂದಿಸಿ ‘ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆ’ ಸಿದ್ಧವಾಗುತ್ತದೆ. ತಾಲ್ಲೂಕು ಮತ್ತು ಜಿಲ್ಲಾ ಮಟ್ಟದ ಯೋಜನೆಗಳೊಂದಿಗೆ ಅದು ಜಿಲ್ಲಾ ಯೋಜನಾ ಸಮಿತಿಯಲ್ಲಿ ಸೇರಬೇಕು. 2018ರ ಅಕ್ಟೋಬರ್ 2ರಿಂದ ಇದಕ್ಕಾಗಿ ದೇಶದಾದ್ಯಂತ ಜನರ ಯೋಜನಾ ಅಭಿಯಾನ ನಡೆಯುತ್ತಿದೆ. 2020ರ ಏಪ್ರಿಲ್ 24ರಂದು ಆರಂಭವಾದ ಇ-ಗ್ರಾಮ್‌ಸ್ವರಾಜ್ ಜಾಲತಾಣದಲ್ಲಿ ಯಾವ ಪಂಚಾಯಿತಿಯ ಯೋಜನೆಯನ್ನಾದರೂ ಯಾರು ಬೇಕಾದರೂ ನೋಡಬಹುದು. ಪ್ರಶಿಕ್ಷಣಾರ್ಥಿಗಳು ಶಾಲೆಗೆ ಹೋಗುವ ಮೊದಲೇ ನೋಡಿಕೊಳ್ಳಬಹುದಾದ ಮಾಹಿತಿ ಇದು.

ಹಣದ ವಿಷಯವೂ ಗೊತ್ತಿರಬೇಕು. 15ನೇ ಹಣಕಾಸು ಆಯೋಗವು 2021-22ರಿಂದ 2025-26ರ ಅವಧಿಗೆ ಗ್ರಾಮೀಣ ಸ್ಥಳೀಯ ಸಂಸ್ಥೆಗಳ ಅನುದಾನದಲ್ಲಿ ಶೇ. 60ರಷ್ಟನ್ನು ಕುಡಿಯುವ ನೀರು, ಮಳೆನೀರು ಸಂಗ್ರಹ ಮತ್ತು ನೈರ್ಮಲ್ಯಕ್ಕೆ ಮೀಸಲಿಟ್ಟಿತು. ಉಳಿದ ಶೇ. 40 ಸ್ಥಳೀಯ ಅಗತ್ಯಗಳಿಗೆ. ಹೀಗಾಗಿ ನೀರಿನ ಬೇಡಿಕೆಯನ್ನು ಸರಿಯಾಗಿ ಬರೆದು ಕೊಟ್ಟರೆ ‘ಹಣವೇ ಇಲ್ಲ’ ಎನ್ನುವುದು ಸುಲಭವಲ್ಲ. ಆ ‘ಸರಿಯಾಗಿ’ ಎಂಬಲ್ಲಿಯೇ ನಮ್ಮ ಕೆಲಸ ಶುರುವಾಗುತ್ತದೆ.

ನಾಲ್ಕು ತಾಲ್ಲೂಕು, ನಾಲ್ಕು ಬಗೆಯ ನೀರು

‘ನೀರಿನ ಕೊರತೆಯಿಲ್ಲದ ಗ್ರಾಮ’ ಎಂಬ ಒಂದೇ ಮಾತು ನಮ್ಮ ಬೋಧನಾಭ್ಯಾಸದ ನಾಲ್ಕು ತಾಲ್ಲೂಕುಗಳಲ್ಲಿ ಬೇರೆ ಬೇರೆ ಅರ್ಥ ಪಡೆಯುತ್ತದೆ.

ಶ್ರೀರಂಗಪಟ್ಟಣದಲ್ಲಿ ಕಾವೇರಿ ಇದೆ, ಕನ್ನಂಬಾಡಿ ಕಟ್ಟೆ ಇದೆ, ಅದಕ್ಕಿಂತ ಹಳೆಯ ಬಂಗಾರದೊಡ್ಡಿ, ಸಿಡಿಎಸ್ ನಾಲೆಗಳಿವೆ. ಇಲ್ಲಿ ಭತ್ತ, ಕಬ್ಬು. ಇಲ್ಲಿಯ ಪ್ರಶ್ನೆಗಳು ನೀರಿನ ಮಿತಬಳಕೆ, ಜೌಗು, ನದಿಗೆ ಸೇರುವ ಕೊಳಚೆ. ರಂಗನತಿಟ್ಟು 2022ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿದ್ದರಿಂದ ನದಿಯ ಸ್ವಚ್ಛತೆಗೆ ಇನ್ನಷ್ಟು ಮಹತ್ವ ಬಂದಿದೆ.

ಪಾಂಡವಪುರದ ಒಂದು ಭಾಗಕ್ಕೆ ವಿಶ್ವೇಶ್ವರಯ್ಯ ನಾಲೆಯ ನೀರುಂಟು. ಮೇಲುಕೋಟೆಯ ಬೆಟ್ಟದ ಕಡೆ ಹೋದರೆ ಕಲ್ಯಾಣಿ, ಕೊಳಗಳೇ ಹಿಂದಿನವರ ಮಳೆನೀರು ಸಂಗ್ರಹ. ಕೆರೆತೊಣ್ಣೂರಿನ ದೊಡ್ಡ ಕೆರೆಯೂ ಇದೇ ತಾಲ್ಲೂಕಿನದು. ಇಲ್ಲಿ ಯೋಜನೆಯೆಂದರೆ ಇರುವ ಜಲಮೂಲಗಳನ್ನು ಉಳಿಸಿಕೊಳ್ಳುವುದೂ ಹೌದು.

ಕೆ.ಆರ್. ಪೇಟೆಯಲ್ಲಿ ಹೇಮಾವತಿ ಹರಿಯುತ್ತದೆ, ಮಂದಗೆರೆಯಲ್ಲಿ ಅಣೆಕಟ್ಟೆಯಿದೆ. ಹೊಳೆಯ ಪಕ್ಕದ ಊರಿಗೂ ಮೇಲಿನ ಮಳೆಯಾಶ್ರಿತ ಊರಿಗೂ ಒಂದೇ ಬೇಡಿಕೆ ಇರುವುದಿಲ್ಲ. ನಾಗಮಂಗಲದಲ್ಲಿ ಕೆಲವು ಭಾಗಗಳಿಗಷ್ಟೇ ಹೇಮಾವತಿ ನಾಲೆ. ಉಳಿದೆಡೆ ರಾಗಿ, ಹುರುಳಿ, ತೆಂಗು, ಮಳೆಗೆ ಕಾಯುವ ಕೆರೆಗಳು, ಆಳಕ್ಕಿಳಿದ ಕೊಳವೆಬಾವಿಗಳು. ಇಲ್ಲಿ ಕೆರೆಯ ಹೂಳು, ಕೃಷಿಹೊಂಡ, ಅಂತರ್ಜಲ ಮರುಪೂರಣವೇ ಮುಖ್ಯ.

ಒಂದು ಊರಿನ ಯೋಜನೆಯನ್ನು ಇನ್ನೊಂದು ಊರಿಗೆ ಎತ್ತಿಟ್ಟರೆ ಏನಾಗುತ್ತದೆ ಎಂಬುದು ನನಗೆ ಆ ಹುಡುಗಿಯ ಮುಂದೆ ನಿಂತಾಗಲೇ ಗೊತ್ತಾಗಿತ್ತು. ಪಾಠ ಯೋಜನೆಗೂ ಪಂಚಾಯಿತಿ ಯೋಜನೆಗೂ ಇಲ್ಲಿ ವ್ಯತ್ಯಾಸವಿಲ್ಲ. ಎರಡೂ ‘ಪೂರ್ವಜ್ಞಾನ’ದಿಂದ ಶುರುವಾಗಬೇಕು, ಎರಡರಲ್ಲೂ ಉದ್ದೇಶವನ್ನು ಅಳೆಯುವಂತೆ ಬರೆಯಬೇಕು, ಎರಡಕ್ಕೂ ಕೊನೆಯಲ್ಲಿ ಮೌಲ್ಯಮಾಪನ ಬೇಕು.

ತರಗತಿಯಲ್ಲಿ ಮಾಡಿದ್ದು

ಮಕ್ಕಳನ್ನು ಬೀದಿವಾರು ನಾಲ್ಕು ಗುಂಪು ಮಾಡಿದೆ. ಒಂದು ವಾರ ಅವರು ಮೂರು ವಿಷಯ ಬರೆದುಕೊಂಡರು: ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತು ಬಂತು, ಎಲ್ಲಿ ಸೋರುತ್ತಿದೆ. ಸೋರುವ ನಲ್ಲಿಯ ಕೆಳಗೆ 250 ಮಿ.ಲೀ. ಲೋಟ ಇಟ್ಟು ತುಂಬುವ ಸಮಯ ನೋಡಿದರು. ಹತ್ತು ನಿಮಿಷಕ್ಕೆ ತುಂಬಿದರೆ ಗಂಟೆಗೆ ಒಂದೂವರೆ ಲೀಟರ್, ದಿನಕ್ಕೆ 36 ಲೀಟರ್. ಜಲ ಜೀವನ್ ಮಿಷನ್ ಪ್ರಕಾರ ಒಬ್ಬರಿಗೆ ದಿನಕ್ಕೆ ಸಿಗಬೇಕಾದದ್ದು 55 ಲೀಟರ್. “ಹಂಗಾದ್ರೆ ಒಬ್ಬರ ಪಾಲಿನ ಅರ್ಧಕ್ಕಿಂತ ಜಾಸ್ತಿ ಸುಮ್ನೆ ಹೋಗ್ತಿದೆ” ಎಂದು ಲೆಕ್ಕ ಹೇಳಿದವರು ಮಕ್ಕಳೇ.

ಎರಡನೇ ಚಟುವಟಿಕೆ ಚಾವಣಿಯ ಲೆಕ್ಕ. ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. 20 ಮೀಟರ್ ಉದ್ದ, 6 ಮೀಟರ್ ಅಗಲದ ಚಾವಣಿಗೆ 10 ಮಿ.ಮೀ. ಮಳೆಯಲ್ಲಿ 1,200 ಲೀಟರ್. ಶೇ. 20ರಷ್ಟು ನಷ್ಟ ಕಳೆದರೂ 960 ಲೀಟರ್ ಉಳಿಯುತ್ತದೆ. ಅಂದರೆ ಸುಮಾರು 17 ಜನರ ಒಂದು ದಿನದ ನೀರು. ಗಣಿತ, ವಿಜ್ಞಾನ ಎರಡೂ ಇಲ್ಲಿ ಒಟ್ಟಿಗೆ ಬಂದವು.

ನಂತರ ಬೇಡಿಕೆ ಬರೆಯುವುದನ್ನು ಅಭ್ಯಾಸ ಮಾಡಿಸಿದೆ. ಮೊದಲು ಎಲ್ಲ ಗುಂಪುಗಳೂ ಬರೆದದ್ದು “ನಮ್ಮ ಊರಿಗೆ ನೀರಿನ ವ್ಯವಸ್ಥೆ ಮಾಡಬೇಕು.” ಇದು ‘ಮಕ್ಕಳು ಪಾಠವನ್ನು ತಿಳಿಯುವರು’ ಎಂದು ನಾವು ಉದ್ದೇಶ ಬರೆಯುವ ಹಾಗೆ. ಯಾರೂ ಅಲ್ಲಗಳೆಯುವುದಿಲ್ಲ, ಯಾರೂ ಅಳೆಯಲೂ ಆಗುವುದಿಲ್ಲ. ಎಲ್ಲಿ, ಏನು, ಎಷ್ಟು, ಎಷ್ಟು ಜನರಿಗೆ ಎಂಬ ನಾಲ್ಕು ಪ್ರಶ್ನೆ ಕೇಳಿದ ಮೇಲೆ ಒಂದು ಗುಂಪು ತಿದ್ದಿ ಬರೆಯಿತು: “ಶಾಲೆಯ ನೀರಿನ ತೊಟ್ಟಿಯ ಬಳಿ ಎರಡು ನಲ್ಲಿ ಸೋರುತ್ತಿವೆ. ದಿನಕ್ಕೆ ಇಷ್ಟು ಲೀಟರ್ ವ್ಯರ್ಥ. ದುರಸ್ತಿ ಮಾಡಿಸಿ, ಚಾವಣಿಯ ಮಳೆನೀರಿಗೆ ಕೊಳವೆ ಮತ್ತು ತೊಟ್ಟಿ ಹಾಕಿಸಬೇಕು.”

ಇದನ್ನು ಹೇಳುವ ಜಾಗ ಮಕ್ಕಳ ಗ್ರಾಮ ಸಭೆ. ನಮ್ಮ ರಾಜ್ಯದಲ್ಲಿ ಪಂಚಾಯಿತಿಗಳು ಇದನ್ನು ನಡೆಸಬೇಕು. ಸಾಮಾನ್ಯವಾಗಿ ಹಾಡು, ಭಾಷಣ, ಸಿಹಿ ಹಂಚಿಕೆಯಲ್ಲಿ ಇದು ಮುಗಿದುಹೋಗುವ ಅಪಾಯವಿದೆ. ಮಕ್ಕಳ ಕೈಯಲ್ಲಿ ಅಂಕಿಗಳಿದ್ದರೆ ಹಾಗೆ ಮುಗಿಸಲು ಬರುವುದಿಲ್ಲ.

ಎಚ್ಚರ ವಹಿಸಬೇಕಾದ ಅಂಶಗಳು

ಒಂದು, ಮಕ್ಕಳ ಅಳತೆಯನ್ನು ಶಿಕ್ಷಕರು ‘ಸರಿಪಡಿಸ’ಬಾರದು. ಅನುಮಾನ ಬಂದರೆ ಮತ್ತೆ ಅಳೆಯಲಿ. ಎರಡು, ಯಾವ ಸದಸ್ಯರ ಪರವಾಗಿಯೂ ವಿರುದ್ಧವಾಗಿಯೂ ಮಾತು ಹೋಗದಂತೆ ನೋಡಿಕೊಳ್ಳಬೇಕು. ನಲ್ಲಿಯ ಬಗ್ಗೆ ಮಾತಾಡಿದರೆ ಸಾಕು. ಮೂರು, ಕೇಳಿದ್ದೆಲ್ಲ ಆಗುತ್ತದೆಂದು ಮಕ್ಕಳಿಗೆ ಮಾತು ಕೊಡಬಾರದು. ಆದರೆ ಬೇಡಿಕೆ ನಡವಳಿ ಪುಸ್ತಕದಲ್ಲಿ ದಾಖಲಾಯಿತೇ, ಹಿಂದಿನ ವರ್ಷದ್ದು ಏನಾಯಿತು ಎಂದು ಕೇಳುವುದನ್ನು ಕಲಿಸಲೇಬೇಕು.

ನಾಲೆಯ ಮಾತೆತ್ತಿದ ಆ ಹುಡುಗಿಯೇ ಸಭೆಯಲ್ಲಿ ತನ್ನ ಬೀದಿಯ ಲೆಕ್ಕ ಓದಿದಳು. ಓದಿ ಮುಗಿಸಿ ಕೂರಲಿಲ್ಲ. “ಬರ್ಕೊಂಡ್ರಾ ಸಾರ್?” ಎಂದು ಕೇಳಿದಳು. ಬರೆದುಕೊಂಡರು. ಕೆಲಸ ಆಗುವುದನ್ನು ನೋಡುವ ಮೊದಲೇ ನನ್ನ ಬೋಧನಾಭ್ಯಾಸದ ಅವಧಿ ಮುಗಿಯಿತು. ಮುಂದಿನ ತಂಡದಲ್ಲಿ ಆ ಶಾಲೆಗೆ ಹೋಗುವ ಗೆಳೆಯರು ದಯವಿಟ್ಟು ನನ್ನ ಪಾಠ ಯೋಜನೆಯನ್ನು ನಕಲು ಮಾಡಬೇಡಿ. ಆ ಎರಡು ನಲ್ಲಿಗಳ ಕೆಳಗೆ ಮತ್ತೊಮ್ಮೆ ಲೋಟ ಇಟ್ಟು ನೋಡಿ.