ಸ್ಲೋ ಲ್ಯಾಪ್‌ಟಾಪಿಗೆ ರ‍್ಯಾಮ್ ಒಂದೇ ಮದ್ದೆ?

ಹೈದರಾಬಾದಿನ ಕೋಠಿಯಲ್ಲಿ ಗುಜರಾತಿ ಗಲ್ಲಿ ಎಂದರೆ ಎಲೆಕ್ಟ್ರಾನಿಕ್ಸ್ ಪೇಟೆ. ಕ್ಯಾಮೆರಾ, ಸ್ಪೀಕರ್, ಕೇಬಲ್‌ಗಳ ಸಾಲಿನಲ್ಲೇ ಲ್ಯಾಪ್‌ಟಾಪಿನ ಬಿಡಿಭಾಗಗಳೂ ಸಿಗುತ್ತವೆ. ಬೀದರ್, ಕಲಬುರಗಿ, ರಾಯಚೂರಿನಿಂದ ಈ ಊರಿಗೆ ಓದಲು ಬಂದ ಮಕ್ಕಳು, ಪಕ್ಕದ ಕಾಚಿಗೂಡದ ಕನ್ನಡ ಮನೆಗಳವರು ಹಳೆಯ ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕಿಕೊಂಡು ಇಂಥ ಕಡೆ ಬಂದರೆ ಮೊದಲು ಹೇಳುವ ಮಾತು: "ಸ್ಲೋ ಆಗಿದೆ, ರ‍್ಯಾಮ್ ಜಾಸ್ತಿ ಮಾಡಿಕೊಡಿ." ಕಾಯಿಲೆ ಏನೆಂದು ನೋಡುವ ಮೊದಲೇ ಔಷಧಿಯ ಹೆಸರು ಹೇಳಿದ ಹಾಗೆ ಇದು. ಅಂಗಡಿಯವರು ಕೇಳಿದ್ದನ್ನು ಕೊಡುತ್ತಾರೆ. ಲ್ಯಾಪ್‌ಟಾಪ್ ಮಾತ್ರ ಹಾಗೇ ತೆವಳುತ್ತಿರುತ್ತದೆ.

ರ‍್ಯಾಮ್ ಹೆಚ್ಚಿಸಿದರೆ ವೇಗ ಹೆಚ್ಚುತ್ತದೆ ಎಂಬ ನಂಬಿಕೆಯಲ್ಲಿ ಸತ್ಯ ಅರ್ಧ ಮಾತ್ರ ಇದೆ. ಇರುವ ರ‍್ಯಾಮ್ ಸಾಲದೇ ಹೋದಾಗ ವಿಂಡೋಸ್ ಅದರಲ್ಲಿನ ಒಂದಿಷ್ಟು ಮಾಹಿತಿಯನ್ನು ಡಿಸ್ಕಿಗೆ ಸಾಗಿಸುತ್ತದೆ, ಬೇಕಾದಾಗ ಮತ್ತೆ ಎಳೆದು ತರುತ್ತದೆ. ಈ ಓಡಾಟವೇ ನಿಧಾನಕ್ಕೆ ಕಾರಣ. ಅಂಥ ಲ್ಯಾಪ್‌ಟಾಪಿಗೆ ರ‍್ಯಾಮ್ ಹಾಕಿಸಿದರೆ ಫಲ ಕಣ್ಣಿಗೆ ಕಾಣುತ್ತದೆ. ಆದರೆ 8 ಜಿಬಿಯಲ್ಲಿ 5 ಜಿಬಿ ಮಾತ್ರ ಬಳಕೆಯಾಗುತ್ತಿರುವ ಲ್ಯಾಪ್‌ಟಾಪಿಗೆ 16 ಜಿಬಿ ಹಾಕಿಸಿದರೆ ಹೆಚ್ಚಿನ ಜಾಗದಿಂದ ಕಣ್ಣಿಗೆ ಕಾಣುವಂಥ ಲಾಭ ಅಷ್ಟಾಗಿ ಇರುವುದಿಲ್ಲ. 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ಮೆಮೊರಿ ಚಿಪ್‌ಗಳ ಬೆಲೆ ಜಗತ್ತಿನಾದ್ಯಂತ ಏರಿತು. ಹೀಗೆ ಬೆಲೆ ಏರಿದಾಗ ಬೇಡದ ರ‍್ಯಾಮ್‌ಗೆ ದುಡ್ಡು ಹಾಕುವುದು ವಿದ್ಯಾರ್ಥಿಗಳಿಗೆ ನಿಜಕ್ಕೂ ಹೊರೆ.

ಅಂಗಡಿಗೆ ಹೊರಡುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಲ್ಯಾಪ್‌ಟಾಪ್ ಸತಾಯಿಸುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಪುಟ ನೋಡಿ. ಮೆಮೊರಿ ಶೇ 90 ದಾಟಿ ನಿಂತಿದ್ದರೆ ರ‍್ಯಾಮ್ ಸಾಲುತ್ತಿಲ್ಲ ಎಂದರ್ಥ. ಮೆಮೊರಿ ಅರ್ಧಕ್ಕರ್ಧ ಖಾಲಿಯಿದ್ದು ಡಿಸ್ಕ್ ಮಾತ್ರ ಶೇ 100ಕ್ಕೆ ಅಂಟಿಕೊಂಡಿದ್ದರೆ ತೊಂದರೆ ಡಿಸ್ಕಿನದು; ಅದು ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರೆ ಅದರ ಜಾಗದಲ್ಲಿ ಎಸ್‌ಎಸ್‌ಡಿ ಹಾಕಿಸಬೇಕು. ಎರಡೂ ತುಂಬಿದ್ದರೆ, ರ‍್ಯಾಮ್ ಸಾಲದ ಕಾರಣಕ್ಕೇ ಡಿಸ್ಕ್ ದುಡಿಯುತ್ತಿರಬಹುದು. ಎರಡೂ ಆರಾಮಾಗಿದ್ದು ಪ್ರೊಸೆಸರ್ ಒಂದೇ ಒದ್ದಾಡುತ್ತಿದ್ದರೆ ಎಸ್‌ಎಸ್‌ಡಿಯಿಂದಾಗಲಿ ರ‍್ಯಾಮಿನಿಂದಾಗಲಿ ಹೆಚ್ಚು ಪ್ರಯೋಜನವಿಲ್ಲ.

ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ತೊಂದರೆ ಬಹಳ ಸಲ ಡಿಸ್ಕಿನದೇ. ಸಾಮಾನ್ಯ ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕ್ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಓದುವ ತೋಳು ಸರಿಯಾದ ಪಥಕ್ಕೆ ಸರಿಯಬೇಕು, ಆಮೇಲೆ ಬೇಕಾದ ಜಾಗ ತಿರುಗಿ ತೋಳಿನ ಕೆಳಗೆ ಬರುವ ತನಕ ಕಾಯಬೇಕು. ಹೀಗಾಗಿ ಅಲ್ಲೊಂದು ಇಲ್ಲೊಂದು ಚದುರಿದ ಚಿಕ್ಕ ಫೈಲುಗಳನ್ನು ಸೆಕೆಂಡಿಗೆ ನೂರರಷ್ಟು ಓದಿದರೆ ಅದೇ ಹೆಚ್ಚು. ವಿಂಡೋಸ್ ಶುರುವಾಗುವಾಗ ಬೇಕಾಗುವುದು ಇಂಥ ಸಾವಿರಾರು ಚೂರುಗಳು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಒಂದು ಚೂರು ಹುಡುಕಲು ಸುಮಾರು ಮಿಲಿಸೆಕೆಂಡಿನ ಹತ್ತರಲ್ಲೊಂದು ಭಾಗ ಸಾಕು. ಹಾಗಾಗಿ 4 ಅಥವಾ 8 ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ತೆಗೆಸಿ 256 ಜಿಬಿಯ ಒಂದು ಸಾದಾ ಎಸ್‌ಎಸ್‌ಡಿ ಹಾಕಿಸಿದರೂ ಸಾಕು, ಹೊಸ ಜೀವ ಬಂದಂತಾಗುತ್ತದೆ.

ಹಾಗಾದರೆ ಡಬ್ಬಿಯ ಮೇಲೆ ದೊಡ್ಡ ಸಂಖ್ಯೆ ಇರುವ ಎಸ್‌ಎಸ್‌ಡಿಯನ್ನೇ ಕೊಳ್ಳಬೇಕೆ? ಹಳೆಯ ಬಗೆಯದಾದ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ. ಹೊಸ ಬಗೆಯದಾದ ಎನ್‌ವಿಎಂಇ ಎಸ್‌ಎಸ್‌ಡಿಯ ನಾಲ್ಕನೇ ತಲೆಮಾರಿನ ಡಬ್ಬಿಯ ಮೇಲೆ 7,000ದವರೆಗೂ ಎಂದಿರುತ್ತದೆ. ಅಷ್ಟು ಮಾತ್ರಕ್ಕೆ ಲ್ಯಾಪ್‌ಟಾಪ್ ಹನ್ನೆರಡು ಪಟ್ಟು ಚುರುಕಾಗುವುದಿಲ್ಲ. ಆ ಸಂಖ್ಯೆ ದೊಡ್ಡ ಫೈಲನ್ನು ಒಂದೇ ಸಮನೆ ಓದುವಾಗಿನದು. ವಿಡಿಯೊ ಎಡಿಟ್ ಮಾಡುವವರಿಗೆ ಅದು ಕೆಲಸಕ್ಕೆ ಬರುತ್ತದೆ, ಬ್ರೌಸರ್ ಮತ್ತು ವರ್ಡ್ ಬಳಸುವವರಿಗೆ ವ್ಯತ್ಯಾಸ ಗೊತ್ತಾಗುವುದೇ ಕಷ್ಟ. ಇನ್ನೊಂದು ಮಾತು: ಎಂ.2 ಎನ್ನುವುದು ಆಕಾರದ ಹೆಸರು, ವೇಗದ ಹೆಸರಲ್ಲ. ಕೆಲವು ಲ್ಯಾಪ್‌ಟಾಪ್‌ಗಳ ಎಂ.2 ಸ್ಲಾಟಿನಲ್ಲಿ ಸಾಟಾ ಮಾತ್ರ ನಡೆಯುತ್ತದೆ, ಎನ್‌ವಿಎಂಇ ಹಾಕಿದರೆ ಲ್ಯಾಪ್‌ಟಾಪ್ ಅದನ್ನು ಗುರುತಿಸುವುದೇ ಇಲ್ಲ. ಮಾಡೆಲ್ ನಂಬರ್ ಬರೆದುಕೊಂಡು ಹೋಗಿ.

ರ‍್ಯಾಮಿಗೂ ಇದೇ ಎಚ್ಚರ ಬೇಕು. ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಕಾರ್ಡಿನ ಅಂಚಿನಲ್ಲಿರುವ ಕಚ್ಚು ಒಂದೊಂದರಲ್ಲೂ ಬೇರೆ ಕಡೆ ಇರುತ್ತದೆ. ಹಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಬೇರೆ ಸ್ಲಾಟ್ ಇಲ್ಲದಿದ್ದರೆ ಆಮೇಲೆ ಹೆಚ್ಚಿಸುವ ದಾರಿಯಿಲ್ಲ. ಹೊಸದು ಕೊಳ್ಳುವವರು ಇದನ್ನು ಕೇಳಿಯೇ ಕೊಳ್ಳಬೇಕು. ಎಷ್ಟು ಸ್ಲಾಟ್ ಇವೆ, ಎಷ್ಟು ತುಂಬಿವೆ ಎಂಬುದು ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲೇ ಸಿಗುತ್ತದೆ. ಎರಡು ಸ್ಲಾಟ್ ಇದ್ದರೆ ಒಂದು 16 ಜಿಬಿಗಿಂತ ಎರಡು 8 ಜಿಬಿ ಹಾಕಿಸುವುದು ಒಳ್ಳೆಯದು. ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಬಳಸುವವರಿಗೆ ಇದರ ಲಾಭ ಹೆಚ್ಚು.

ಫ್ರೀ ರ‍್ಯಾಮ್ ಜಾಸ್ತಿ ಇರಬೇಕೆಂದು ಕ್ಲೀನರ್ ಆ್ಯಪ್ ಹಾಕಿಕೊಳ್ಳುವುದು ವ್ಯರ್ಥ. ಖಾಲಿ ರ‍್ಯಾಮನ್ನು ವಿಂಡೋಸ್ ತಾನೇ ಬಳಸಿಕೊಂಡು ಬೇಕಾದಾಗ ಬಿಟ್ಟುಕೊಡುತ್ತದೆ. ಎಸ್‌ಎಸ್‌ಡಿಗೆ ಹಳೆಯ ಡಿಸ್ಕಿನಂತೆ ಡಿಫ್ರ್ಯಾಗ್ ಮಾಡುವುದೂ ಬೇಡ.

1 ಟಿಬಿ ಕೊಂಡರೆ 931 ಜಿಬಿ ಎಂದು ತೋರಿಸುತ್ತದೆ, ಅಂಗಡಿಯವರು ಮೋಸ ಮಾಡಿದರು ಎನ್ನುವವರಿದ್ದಾರೆ. ಅದು ಮೋಸವಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸಿದರೆ ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುತ್ತದೆ. ನಿಜವಾದ ಮೋಸ ಪೂರ್ತಿ 2 ಟಿಬಿ ಎಂದು ತೋರಿಸುವ, ಬೆಲೆ ಕೇಳಿದರೆ ನಂಬಲಾಗದಷ್ಟು ಅಗ್ಗದ ಡ್ರೈವ್‌ಗಳಲ್ಲಿದೆ. ಒಳಗಿನ ಚಿಪ್ ಚಿಕ್ಕದು, ಸುಳ್ಳು ಹೇಳುವಂತೆ ಅದರ ಫರ್ಮ್‌ವೇರ್ ತಿದ್ದಿರುತ್ತಾರೆ. ಮಿತಿ ದಾಟಿದ ಮೇಲೆ ಹಾಕಿದ ಫೈಲುಗಳು ಕೆಟ್ಟುಹೋಗುತ್ತವೆ. ಎಚ್‌2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶ ಡ್ರೈವ್ ತುಂಬ ಬರೆದು, ಮರಳಿ ಓದಿ, ಇದನ್ನು ಬಯಲು ಮಾಡುತ್ತದೆ. ಸೆಕೆಂಡ್ ಹ್ಯಾಂಡ್ ಎಸ್‌ಎಸ್‌ಡಿ ಆದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ತಂತ್ರಾಂಶದಲ್ಲಿ ಅದು ಎಷ್ಟು ಗಂಟೆ ದುಡಿದಿದೆ ಎಂದು ನೋಡಿಯೇ ದುಡ್ಡು ಕೊಡಿ, ಸೀರಿಯಲ್ ನಂಬರ್ ಬರೆದ ಬಿಲ್ ಕೇಳಿ.

ತೆಗೆಸಿದ ಹಳೆಯ ಹಾರ್ಡ್ ಡಿಸ್ಕನ್ನು ಮಾತ್ರ ಅಂಗಡಿಯಲ್ಲಿ ಬಿಟ್ಟು ಬರಬೇಡಿ. ಡಿಲೀಟ್ ಮಾಡಿದ ಫೋಟೊ, ಆಧಾರ್ ಪ್ರತಿ, ಬ್ಯಾಂಕಿನ ಕಾಗದಗಳನ್ನು ಅದರಿಂದ ಮತ್ತೆ ಹೊರತೆಗೆಯಬಹುದು. ಎರಡೂವರೆ ಇಂಚಿನ ಯುಎಸ್‌ಬಿ ಕೇಸ್ ಒಂದನ್ನು ಅಲ್ಲೇ ಕೊಂಡು ಅದರೊಳಗೆ ಕೂರಿಸಿಕೊಳ್ಳಿ. ಎಸ್‌ಎಸ್‌ಡಿ ಕೆಡುವಾಗ ಸದ್ದು ಮಾಡಿ ಸುಳಿವು ಕೊಡುವುದಿಲ್ಲ. ಅದಕ್ಕೇ ಬ್ಯಾಕಪ್ ಬೇಕು; ಹಳೆಯ ಡಿಸ್ಕ್ ಇನ್ನೂ ಗಟ್ಟಿಯಿದ್ದರೆ ನಿಮ್ಮ ಪ್ರಾಜೆಕ್ಟ್ ಫೈಲುಗಳ ಎರಡನೇ ಪ್ರತಿ ಇಡಲು ಅದೇ ಸಾಕು.