ಪೈಪ್ ಗ್ಯಾಸ್‌ಗೆ ಕಿಂಡಿ ಮೇಲೇ ಏಕೆ?

ಪ್ರಶ್ನೆ: ನಮ್ಮ ಬೆಂಗಳೂರಿನ ಮನೆಗೆ ಪೈಪ್ ಗ್ಯಾಸ್ ಜೋಡಿಸಲು ಬಂದವರು, ಅಡುಗೆಮನೆಯ ಗೋಡೆಯಲ್ಲಿ ಚಾವಣಿ ಹತ್ತಿರ ಗಾಳಿಕಿಂಡಿ ಬೇಕೆಂದರು. ಏಕೆ?

ಉತ್ತರ: ಸಿಲಿಂಡರಿನಲ್ಲಿರುವ ಪ್ರೊಪೇನ್, ಬ್ಯೂಟೇನ್ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ನೆಲ ಹಿಡಿದು ಹರಡಿ, ಸಿಂಕಿನಡಿ, ಮೂಲೆಗಳಲ್ಲಿ ನಿಲ್ಲುತ್ತವೆ. ಪೈಪಿನಲ್ಲಿ ಬರುವುದು ಬಹುಪಾಲು ಮೀಥೇನ್. ಅದು ಗಾಳಿಗಿಂತ ಹಗುರ. ಮೇಲೇರಿ ಚಾವಣಿಯಡಿ ಸೇರುತ್ತದೆ. ಆ ಕಿಂಡಿ ಅದನ್ನು ಹೊರಗೆ ಬಿಡಲು.

ಇವಕ್ಕೆ ಸ್ವಂತ ವಾಸನೆಯಿಲ್ಲ. ಸೋರಿಕೆ ಗೊತ್ತಾಗಲೆಂದೇ ಮರ್ಕ್ಯಾಪ್ಟಾನ್ ಎಂಬ ಕಟುವಾಸನೆಯ ರಾಸಾಯನಿಕ ಬೆರೆಸಿರುತ್ತಾರೆ. ಮೂಗಿಗೆ ಅದು ಬಡಿದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಎಕ್ಸಾಸ್ಟ್ ಫ್ಯಾನಿನದನ್ನೂ ಸಹ. ವಾಲ್ವಿನ ಹಿಡಿಯನ್ನು ಪೈಪಿಗೆ ಅಡ್ಡವಾಗಿ ತಿರುಗಿಸಿ, ಗ್ಯಾಸ್ ಬಂದ್ ಆಗುತ್ತದೆ. ಕಿಟಕಿ ತೆರೆದು, ಹೊರಗೆ ಬಂದ ಮೇಲೆ ಗ್ಯಾಸ್ ಕಂಪನಿಯ ತುರ್ತು ಸಂಖ್ಯೆಗೆ ಫೋನ್ ಮಾಡಿ. ರಿಪೇರಿಗೆ ಅವರೇ ಬರಲಿ.